ಗಟ್ಟಿಯೋ? ನೀರೋ?



ಒಂದು ಸುಲಭದ ಪ್ರಶ್ನೆ ಕೇಳ್ತೀವಿ. ಕಲ್ಲು ಗಟ್ಟಿಯೋ, ನೀರು ಗಟ್ಟಿಯೋ?

ಇದೂ ಒಂದು ಪ್ರಶ್ನೆಯೇ ಅಂತ ನೀವು ನಗಬಹುದು. ನಮ್ಮ ಕಳವಾರದ ಬೆಟ್ಟವನ್ನೇ ನೋಡಿ. ಹೊರಗಿನಿಂದ ಬರುವ ಪ್ರವಾಸಿಗರು ಅದನ್ನು ಸ್ಕಂದಗಿರಿ ಅಂತಾರೆ. ಅದು ಕಲ್ಲಿನ ಬೆಟ್ಟ. ನಮ್ಮ ಅಜ್ಜಿ ನೋಡಿದಾಗ ಹೇಗಿತ್ತೋ ಈಗಲೂ ಹಾಗೇ ಇದೆ. ಅದೇ ಬೆಟ್ಟದ ಮೇಲೆ ಬಿದ್ದ ಮಳೆ ನೀರು ನಿಲ್ಲಲ್ಲ. ಇಳಿಜಾರು ಹುಡುಕಿಕೊಂಡು ಹರಿಯುತ್ತೆ. ಬಿಂದಿಗೆಗೆ ತುಂಬಿದರೆ ಬಿಂದಿಗೆಯ ಆಕಾರ. ಚೊಂಬಿಗೆ ತುಂಬಿದರೆ ಚೊಂಬಿನ ಆಕಾರ.

ತನ್ನ ಆಕಾರವನ್ನು ತಾನೇ ಉಳಿಸಿಕೊಳ್ಳುವುದು ಗಟ್ಟಿ ವಸ್ತು. ಶಾಲೆಯ ಪುಸ್ತಕದಲ್ಲಿ ಇದನ್ನು ‘ಘನ’ ಅಂತಾರೆ. ಹರಿದು ಪಾತ್ರೆಯ ಆಕಾರ ಪಡೆಯುವುದು ನೀರಿನಂಥ ವಸ್ತು. ಅದಕ್ಕೆ ‘ದ್ರವ’ ಅಂತ ಹೆಸರು.

ಸರಿ. ಈಗ ಇನ್ನೊಂದು ಪ್ರಶ್ನೆ. ಹೆಪ್ಪು ಬಿದ್ದ ಮೊಸರು ಘನವೋ, ದ್ರವವೋ? ಒಬ್ಬಟ್ಟಿನ ಕಣಕ? ಕೆರೆಯ ಕೆಸರು?

ಈಗ ಸ್ವಲ್ಪ ಯೋಚನೆ ಮಾಡಬೇಕಾಯ್ತು, ಅಲ್ವಾ? ಇಂಥ ವಸ್ತುಗಳು ಒಂದು ಸಲ ಗಟ್ಟಿಯಾಗಿ ನಿಲ್ಲುತ್ತವೆ. ಇನ್ನೊಂದು ಸಲ ನೀರಿನ ಹಾಗೆ ಹರಿಯುತ್ತವೆ. ನಮ್ಮ ಅಡುಗೆ ಮನೆಯಲ್ಲಿ, ಕಣದಲ್ಲಿ, ರೇಷ್ಮೆ ಹುಳದ ಮನೆಯಲ್ಲಿ ಇವು ತುಂಬಾ ಇವೆ. ಇವುಗಳ ಗುಣ ತಿಳಿದರೆ ಕೆಲಸ ಸುಲಭ. ಕೆರೆಯ ಕೆಸರಿನ ಗುಣ ತಿಳಿದರೆ ಒಂದು ಜೀವವೇ ಉಳಿಯಬಹುದು. ಅದಕ್ಕೇ ಈ ಪಾಠ ಬರೆದಿದ್ದೀವಿ.

ರಾಗಿ ಹರಿಯುತ್ತೆ

ಒಂದು ರಾಗಿ ಕಾಳು ತಗೊಳ್ಳಿ. ಹಲ್ಲಿನಲ್ಲಿ ಕಚ್ಚಿ ನೋಡಿ. ಗಟ್ಟಿಯಾಗಿದೆ. ಅನುಮಾನವೇ ಇಲ್ಲ.

ಈಗ ಒಂದು ಮೊರ ರಾಗಿ ತಗೊಳ್ಳಿ. ಚೀಲಕ್ಕೆ ಸುರಿಯಿರಿ. ಏನಾಯ್ತು? ನೀರಿನ ಹಾಗೆ ಸುರಿಯಿತು. ಚೀಲದ ಮೂಲೆ ಮೂಲೆಗೂ ಹೋಯಿತು. ಚೀಲದಲ್ಲಿ ಒಂದು ಸಣ್ಣ ತೂತು ಇದ್ದರೆ ಅಲ್ಲಿಂದ ಸೋರಿಯೂ ಹೋಗುತ್ತೆ. ನಮ್ಮ ಹಿರಿಯರು ಹಾಲನ್ನೂ ಸೇರಿನಲ್ಲಿ ಅಳೆದರು, ರಾಗಿಯನ್ನೂ ಸೇರಿನಲ್ಲಿ ಅಳೆದರು. ಎರಡೂ ಅಳತೆ ಪಾತ್ರೆಯ ಆಕಾರಕ್ಕೆ ಬರುತ್ತವೆ ಅಂತ ಅವರಿಗೆ ಗೊತ್ತಿತ್ತು.

ಹಾಗಾದರೆ ರಾಗಿ ದ್ರವವೇ? ಅಲ್ಲ. ಕಣದಲ್ಲಿ ರಾಗಿಯನ್ನು ರಾಶಿ ಮಾಡ್ತೀವಿ. ರಾಶಿ ಗೋಪುರದ ಹಾಗೆ ನಿಲ್ಲುತ್ತೆ. ನೀರನ್ನು ಯಾರಾದರೂ ರಾಶಿ ಮಾಡಿದ್ದಾರಾ?

ಇದರ ಗುಟ್ಟು ಏನು? ಕಾಳಿಗೂ ಕಾಳಿಗೂ ಉಜ್ಜಾಟ ಇರುತ್ತೆ. ಈ ಉಜ್ಜಾಟವನ್ನು ‘ಘರ್ಷಣೆ’ ಅಂತಾರೆ. ಒಂದು ಕಾಳು ಜಾರೋಕೆ ಹೋದರೆ ಪಕ್ಕದ ಕಾಳು ತಡೆಯುತ್ತೆ. ಅದಕ್ಕೇ ರಾಶಿ ನಿಲ್ಲುತ್ತೆ. ಮೇಲೆ ಇನ್ನೊಂದು ಮೊರ ಸುರಿದರೆ ಆ ತಡೆ ಸಾಲದು. ಆಗ ಪಕ್ಕದಿಂದ ಸರ್ ಅಂತ ಜಾರುತ್ತೆ.

ಮರಳಿನ ಗುಂಡಿ

ಮರಳಿಗೂ ಇದೇ ಗುಣ. ಉತ್ತರ ಪಿನಾಕಿನಿ ಹೊಳೆ ನಮ್ಮ ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರಿನ ಕಡೆ ಹೋಗುತ್ತೆ. ವರ್ಷದಲ್ಲಿ ಹೆಚ್ಚು ದಿನ ಅದರಲ್ಲಿ ನೀರಿಗಿಂತ ಮರಳೇ ಹೆಚ್ಚು. ಆ ಮರಳನ್ನು ನೋಡಿ ಒಂದು ಪಾಠ ಕಲಿಯಬಹುದು.

ಒಣ ಮರಳನ್ನು ಮುಷ್ಟಿಯಲ್ಲಿ ಹಿಡಿಯಿರಿ. ಬೆರಳ ಸಂದಿಯಿಂದ ಸೋರುತ್ತೆ. ಸ್ವಲ್ಪ ನೀರು ಚಿಮುಕಿಸಿ ಹಿಡಿಯಿರಿ. ಉಂಡೆ ಆಗುತ್ತೆ. ಮಕ್ಕಳು ಇದರಿಂದಲೇ ಗುಬ್ಬಿ ಗೂಡು ಕಟ್ಟುತ್ತಾರೆ. ಈಗ ಅದರ ಮೇಲೆ ಒಂದು ಚೊಂಬು ನೀರು ಸುರಿಯಿರಿ. ಉಂಡೆ ಕರಗಿ ಹರಿಯುತ್ತೆ.

ಸ್ವಲ್ಪ ನೀರು ಇದ್ದಾಗ ಅದು ಕಾಳು ಕಾಳಿನ ನಡುವೆ ಅಂಟಿನ ಹಾಗೆ ಕೂರುತ್ತೆ. ಕಾಳುಗಳನ್ನು ಹತ್ತಿರ ಎಳೆದು ಹಿಡಿಯುತ್ತೆ. ನೀರು ಆರಿದರೆ ಆ ಹಿಡಿತ ಹೋಯಿತು. ನೀರು ಹೆಚ್ಚಾದರೂ ಹಿಡಿತ ಹೋಯಿತು.

ಮರಳು ತೆಗೆದ ಗುಂಡಿಯ ಗೋಡೆ ನೆಟ್ಟಗೆ ನಿಂತಿರುತ್ತೆ. ಅದನ್ನು ನೋಡಿ ಗಟ್ಟಿ ಗೋಡೆ ಅಂತ ನಂಬಬೇಡಿ. ಅದನ್ನು ಹಿಡಿದಿರುವುದು ಬರೀ ತೇವ. ಬೆಳಗ್ಗೆ ನಿಂತಿದ್ದ ಗೋಡೆ ಮಧ್ಯಾಹ್ನದ ಬಿಸಿಲಿಗೆ ಆರಿ ಕುಸಿಯಬಹುದು. ಮಳೆಗೆ ನೆನೆದೂ ಕುಸಿಯಬಹುದು. ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಇರುವ ಮರಳಿನ ರಾಶಿ ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತೆ. ಅಷ್ಟು ಮರಳು ಎದೆಯ ಮೇಲೆ ಬಿದ್ದರೆ ಉಸಿರಾಡೋಕೆ ಆಗಲ್ಲ. ಮಕ್ಕಳನ್ನು ಇಂಥ ಗುಂಡಿಯ ಒಳಗೆ ಆಡಲು ಬಿಡಬೇಡಿ. ಕೂಲಿಗೆ ಹೋದಾಗ ನೀವೂ ಅದರ ನೆರಳಲ್ಲಿ ಕೂತು ಊಟ ಮಾಡಬೇಡಿ.

ಹೊಡೆದರೆ ಗಟ್ಟಿ, ಬಿಟ್ಟರೆ ನೀರು

ಮಗುವಿಗೆ ರಾಗಿ ಸರಿ ಮಾಡುವುದು ನಿಮಗೆ ಗೊತ್ತು. ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ಹಾಲು ತೆಗೀತೀವಿ. ಆ ಹಾಲನ್ನು ಕೆಲವು ಗಂಟೆ ಅಲುಗಿಸದೆ ಇಡ್ತೀವಿ. ಮೇಲೆ ತಿಳಿ ನೀರು ನಿಲ್ಲುತ್ತೆ. ತಳದಲ್ಲಿ ಬಿಳಿ ಹಿಟ್ಟು ಕೂರುತ್ತೆ.

ತಿಳಿ ನೀರು ಬಸಿದ ಮೇಲೆ ಆ ಹಿಟ್ಟನ್ನು ಗಮನಿಸಿ. ಚಮಚ ಹಾಕಿ ಬಿರುಸಾಗಿ ಕೆದಕಿದರೆ ಹಟ ಹಿಡಿದ ಹಾಗೆ ತಡೆಯುತ್ತೆ. ಪಾತ್ರೆಯನ್ನು ಬಾಗಿಸಿ ಇಟ್ಟರೆ ನಿಧಾನವಾಗಿ ಜಾರಿ ಬರುತ್ತೆ.

ಇದನ್ನು ಇನ್ನೂ ಚೆನ್ನಾಗಿ ನೋಡಬೇಕಾ? ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಅಂತ ಸಿಗುತ್ತೆ. ಇದು ಮುಸುಕಿನ ಜೋಳದಿಂದ ತೆಗೆದ ನುಣುಪಾದ ಬಿಳಿ ಹಿಟ್ಟು. ಗಿರಣಿಯಲ್ಲಿ ಬೀಸಿದ ಜೋಳದ ಹಿಟ್ಟು ಇದಕ್ಕೆ ಆಗಲ್ಲ. ಅದರಲ್ಲಿ ಹೊಟ್ಟು, ತರಿ ಸೇರಿರುತ್ತವೆ.

ಒಂದು ಬಟ್ಟಲಿಗೆ ಆರು ಚಮಚ ಹಿಟ್ಟು ಹಾಕಿ. ಮೂರು ಚಮಚ ನೀರು ಹಾಕಿ. ನಿಧಾನವಾಗಿ ಕಲಸಿ. ತುಂಬಾ ಗಟ್ಟಿಯಾದರೆ ಒಂದೆರಡು ತೊಟ್ಟು ನೀರು ಹಾಕಿ. ಈಗ ಬೆರಳನ್ನು ಮೆಲ್ಲಗೆ ಅದ್ದಿ. ಮಜ್ಜಿಗೆಯಲ್ಲಿ ಇಳಿದ ಹಾಗೆ ಇಳಿಯುತ್ತೆ. ಅದೇ ಬೆರಳಲ್ಲಿ ಟಕ್ ಅಂತ ಕುಟ್ಟಿ. ಬೆರಳು ಒಳಗೆ ಹೋಗಲ್ಲ! ಒಂದು ಹಿಡಿ ತಗೊಂಡು ಎರಡು ಕೈಯಲ್ಲಿ ಬೇಗ ಬೇಗ ಉಂಡೆ ಕಟ್ಟಿ. ಉಂಡೆ ಆಗುತ್ತೆ. ಕೈ ನಿಲ್ಲಿಸಿ. ಉಂಡೆ ಕರಗಿ ಬೆರಳ ಸಂದಿಯಿಂದ ಸುರಿಯುತ್ತೆ.

ಮಕ್ಕಳು ಇದನ್ನು ಮಾಯ ಅಂತಾರೆ. ಮಾಯ ಏನೂ ಇಲ್ಲ. ನಂದಿ ಜಾತ್ರೆಯನ್ನು ನೆನಪು ಮಾಡಿಕೊಳ್ಳಿ. ಶಿವರಾತ್ರಿ ಸಮಯದಲ್ಲಿ ಭೋಗನಂದೀಶ್ವರನ ಗುಡಿಗೆ ಎಷ್ಟು ಜನ! ಒಬ್ಬರಿಗೊಬ್ಬರು ದಾರಿ ಬಿಟ್ಟು ನಿಧಾನ ನಡೆದರೆ ಎಷ್ಟು ಜನ ಇದ್ದರೂ ಬಾಗಿಲು ದಾಟುತ್ತಾರೆ. ಎಲ್ಲರೂ ಒಂದೇ ಸಲ ನುಗ್ಗಿದರೆ? ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಾರೆ. ಯಾರೂ ಮುಂದೆ ಹೋಗೋಕೆ ಆಗಲ್ಲ.

ಬಟ್ಟಲಲ್ಲಿ ಆಗುವುದೂ ಇದೇ. ಹಿಟ್ಟಿನ ಕಣಗಳು ನೀರಿನಲ್ಲಿ ಒತ್ತೊತ್ತಾಗಿ ತೇಲುತ್ತಿರುತ್ತವೆ. ನಿಧಾನ ತಳ್ಳಿದರೆ ಒಂದಕ್ಕೊಂದು ದಾರಿ ಬಿಡುತ್ತವೆ. ನಡುವೆ ಇರುವ ನೀರು ಜಾರಲು ಸಹಾಯ ಮಾಡುತ್ತೆ. ಬಿರುಸಾಗಿ ಕುಟ್ಟಿದರೆ ನೀರು ಪಕ್ಕಕ್ಕೆ ಸರಿಯುತ್ತೆ. ಕಣಕ್ಕೆ ಕಣ ತಾಗಿ ಬಿಗಿದುಕೊಳ್ಳುತ್ತೆ. ಏಟು ನಿಂತ ಮೇಲೆ ನೀರು ಮತ್ತೆ ಒಳಗೆ ಬರುತ್ತೆ. ಆಗ ಮತ್ತೆ ಹರಿಯುತ್ತೆ.

ಆಟ ಮುಗಿದ ಮೇಲೆ ಇದನ್ನು ಬಚ್ಚಲಿಗೆ ಸುರಿಯಬೇಡಿ. ಪೈಪಿನಲ್ಲಿ ಕೂತು ಕಟ್ಟಿಕೊಳ್ಳುತ್ತೆ. ತಿಪ್ಪೆಗೆ ಹಾಕಿ.

ಕಲಕಿದರೆ ನೀರು, ಬಿಟ್ಟರೆ ಗಟ್ಟಿ

ಇದಕ್ಕೆ ತಿರುಗಾಮುರುಗ ಗುಣದ ವಸ್ತುಗಳೂ ಇವೆ. ಅಲುಗಿಸದೆ ಇದ್ದರೆ ಗಟ್ಟಿ. ಕಲಕಿದರೆ ತೆಳು.

ಮಡಕೆಯಲ್ಲಿ ಹೆಪ್ಪು ಬಿದ್ದ ಮೊಸರು ನೋಡಿ. ಸೌಟಿನಲ್ಲಿ ತೆಗೆದರೆ ಗುಳಿ ಹಾಗೇ ನಿಲ್ಲುತ್ತೆ. ಕಡೆಗೋಲು ಹಾಕಿ ನಾಲ್ಕು ಸುತ್ತು ತಿರುಗಿಸಿ. ಲೋಟಕ್ಕೆ ಬಗ್ಗಿಸುವಷ್ಟು ತೆಳು ಆಗುತ್ತೆ. ನಾವು ಒಂದು ಹನಿ ನೀರೂ ಹಾಕಿಲ್ಲ. ಆದರೂ ಯಾಕೆ ತೆಳುವಾಯ್ತು?

ಹಾಲು ಹೆಪ್ಪಾಗುವಾಗ ಅದರಲ್ಲಿರುವ ಸಣ್ಣ ಸಣ್ಣ ಕಣಗಳು ಕೈ ಕೈ ಹಿಡಿದು ಬಲೆ ಕಟ್ಟುತ್ತವೆ. ನೀರೆಲ್ಲಾ ಆ ಬಲೆಯ ಒಳಗೆ ನಿಂತಿರುತ್ತೆ. ಕಡೆಗೋಲು ಬಲೆಯನ್ನು ಹರಿಯುತ್ತೆ. ನೀರು ಬಿಡುಗಡೆ ಆಗುತ್ತೆ. ಮೊಸರಿನ ಬಲೆ ಒಮ್ಮೆ ಹರಿದರೆ ಮತ್ತೆ ಮೊದಲಿನ ಹಾಗೆ ಕೂಡಿಕೊಳ್ಳಲ್ಲ.

ಟೂತ್‌ಪೇಸ್ಟ್ ಹಾಗಲ್ಲ. ಟ್ಯೂಬನ್ನು ಒತ್ತಿದಾಗ ಹರಿದು ಬರುತ್ತೆ. ಬ್ರಷ್ ಮೇಲೆ ಬಿದ್ದ ಕೂಡಲೇ ನಿಲ್ಲುತ್ತೆ. ಕೆಳಗೆ ಇಳಿದು ಹೋಗಲ್ಲ. ಕೈಗೆ ಗೋರಂಟಿ ಚಿತ್ರ ಬರೆಯುವ ಕೋನ್ ಕೂಡ ಹೀಗೇ. ಒತ್ತಿದಾಗ ಗೆರೆ ಬರುತ್ತೆ. ಬಿಟ್ಟಾಗ ಗೆರೆ ಗೆರೆಯಾಗೇ ಉಳಿಯುತ್ತೆ. ಇಷ್ಟು ಬಲ ಬೀಳೋವರೆಗೂ ಇವು ಅಲುಗಲ್ಲ. ಅದಕ್ಕಿಂತ ಹೆಚ್ಚು ಬಲ ಬಿದ್ದರೆ ಹರಿಯುತ್ತವೆ. ಟೊಮ್ಯಾಟೊ ಸಾಸ್ ಬಾಟಲಿಯ ತಳಕ್ಕೆ ತಟ್ಟುವುದು ಇದೇ ಕಾರಣಕ್ಕೆ.

ಸುಮಾರು ಮುನ್ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡ್ ದೇಶದಲ್ಲಿ ಐಸಾಕ್ ನ್ಯೂಟನ್ ಅಂತ ಒಬ್ಬ ವಿಜ್ಞಾನಿ ಇದ್ದರು. ದ್ರವಗಳು ಹರಿಯುವುದರ ಬಗ್ಗೆ ಅವರು 1687ರಲ್ಲಿ ಒಂದು ನಿಯಮ ಬರೆದರು. ನೀರನ್ನು ಬೇಗ ಕಲಕಿದರೂ ನಿಧಾನ ಕಲಕಿದರೂ ಅದರ ತೆಳುತನ ಬದಲಾಗಲ್ಲ. ನೀರು, ಎಣ್ಣೆ ಈ ನಿಯಮಕ್ಕೆ ಒಪ್ಪುತ್ತವೆ. ನಾವು ಹೇಳುತ್ತಿರುವ ವಸ್ತುಗಳು ಒಪ್ಪಲ್ಲ. ಇವುಗಳನ್ನು ವಿಜ್ಞಾನಿಗಳು ‘ನ್ಯೂಟನ್ ನಿಯಮಕ್ಕೆ ಸೇರದ ದ್ರವಗಳು’ ಅಂತ ಕರೀತಾರೆ. ಹೆಸರು ದೊಡ್ಡದು. ವಸ್ತು ಮಾತ್ರ ನಮ್ಮ ಮನೆಯದೇ.

ಸಮಯ ಕೊಟ್ಟರೆ ಹರಿಯುತ್ತೆ

ಹಬ್ಬಕ್ಕೆ ಒಬ್ಬಟ್ಟು ಮಾಡುವಾಗ ಕಣಕ ಕಲಸಿ ನೆನೆಯಲು ಬಿಡ್ತೀವಿ. ಕಣಕದ ಉಂಡೆಯನ್ನು ತಟ್ಟೆಯಲ್ಲಿ ಇಟ್ಟು ಬೇರೆ ಕೆಲಸಕ್ಕೆ ಹೋಗಿ. ಬಂದು ನೋಡಿದರೆ ಉಂಡೆ ಚಪ್ಪಟೆಯಾಗಿ ಹರಡಿರುತ್ತೆ. ಅಂದರೆ ಅದು ಮೆಲ್ಲಗೆ ಹರಿದಿದೆ. ಅದೇ ಕಣಕವನ್ನು ಸ್ವಲ್ಪ ಎಳೆದು ತಕ್ಷಣ ಬಿಡಿ. ರಬ್ಬರಿನ ಹಾಗೆ ಹಿಂದಕ್ಕೆ ಹೋಗುತ್ತೆ. ಫಟ್ ಅಂತ ಜೋರಾಗಿ ಎಳೆದರೆ ಕಿತ್ತು ಹೋಗುತ್ತೆ. ಅದಕ್ಕೇ ಕೈಗೆ ಎಣ್ಣೆ ಸವರಿ ಮೆಲ್ಲಗೆ ತಟ್ಟಬೇಕು. ಅವಸರ ಮಾಡಿದರೆ ಹೂರಣ ಹೊರಗೆ.

ರಸ್ತೆಗೆ ಹಾಕುವ ಡಾಂಬರನ್ನೂ ನೋಡಿ. ಆರಿದ ಡಾಂಬರಿನ ಗಟ್ಟಿಗೆ ಸುತ್ತಿಗೆಯಲ್ಲಿ ಹೊಡೆದರೆ ಒಡೆಯುತ್ತೆ. ಬಿಸಿಲಿಗೆ ಇಟ್ಟರೆ ಇಳಿದು ಹರಡುತ್ತೆ.

ಆಸ್ಟ್ರೇಲಿಯಾ ದೇಶದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಇದನ್ನು ತೋರಿಸಲು ಒಂದು ಪ್ರಯೋಗ ಇದೆ. ಥಾಮಸ್ ಪಾರ್ನೆಲ್ ಅನ್ನುವ ಮೇಷ್ಟ್ರು 1927ರಲ್ಲಿ ಅದನ್ನು ಶುರು ಮಾಡಿದರು. ಡಾಂಬರಿನ ಜಾತಿಯ ಒಂದು ಕಪ್ಪು ವಸ್ತುವನ್ನು ಕಾಯಿಸಿ ಆಲಿಕೆಗೆ ಸುರಿದರು. ಆಲಿಕೆ ಅಂದರೆ ನಾವು ಬಾಟಲಿಗೆ ಸೀಮೆಎಣ್ಣೆ ಬಗ್ಗಿಸುತ್ತಿದ್ದೆವಲ್ಲ, ಅದು. ಅದು ಚೆನ್ನಾಗಿ ಕೂರಲಿ ಅಂತ ಮೂರು ವರ್ಷ ಬಿಟ್ಟರು. 1930ರಲ್ಲಿ ಆಲಿಕೆಯ ಬಾಯಿ ತೆರೆದರು. ಆ ವಸ್ತು ಹನಿ ಹನಿಯಾಗಿ ಬೀಳಲು ಶುರುವಾಯಿತು. ಆದರೆ ಎಷ್ಟು ನಿಧಾನ ಗೊತ್ತಾ? 2014ರ ಹೊತ್ತಿಗೆ ಬಿದ್ದದ್ದು ಬರೀ ಒಂಬತ್ತು ಹನಿ! ಸುತ್ತಿಗೆಗೆ ಅದು ಗಟ್ಟಿ. ಕಾಲಕ್ಕೆ ಅದು ನೀರು.

ಎಳೆದರೆ ನೂಲು

ಈಗ ಶಿಡ್ಲಘಟ್ಟದ ಕಡೆ ಹೋಗೋಣ. ಅಲ್ಲಿಯ ರೇಷ್ಮೆ ಗೂಡಿನ ಮಾರುಕಟ್ಟೆ ನಾಡಿಗೇ ಹೆಸರುವಾಸಿ. ನಮ್ಮಲ್ಲಿ ಎಷ್ಟೋ ಜನ ಹುಳ ಸಾಕಿದವರು. ಸೊಪ್ಪು ಕೊಯ್ದವರು. ಹುಳ ಜ್ವರಕ್ಕೆ ಕೂತಾಗ ನಿದ್ದೆಗೆಟ್ಟು ಕಾದವರು.

ನಾಲ್ಕು ಜ್ವರ ಮುಗಿಸಿ, ಸೊಪ್ಪು ತಿಂದು, ಹುಳ ಹಣ್ಣಾಗುತ್ತೆ. ಚಂದ್ರಿಕೆಗೆ ಬಿಡ್ತೀವಿ. ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸುತ್ತೆ. ಒಂದು ಗೂಡಿನಲ್ಲಿ ಇರುವುದು ಒಂದೇ ಎಳೆ. ಬಿಚ್ಚಿದರೆ ಅದು ಸುಮಾರು ಒಂದು ಸಾವಿರ ಮೀಟರ್, ಅಂದರೆ ಒಂದು ಕಿಲೋಮೀಟರ್ ಉದ್ದ ಬರಬಹುದು.

ಒಂದು ಪ್ರಶ್ನೆ. ಹುಳದ ಹೊಟ್ಟೆಯಲ್ಲಿ ನೂಲಿನ ಉಂಡೆ ಇರುತ್ತಾ? ಇರಲ್ಲ. ಹುಳದ ಮೈಯೊಳಗೆ ಉದ್ದಕ್ಕೆ ಎರಡು ಚೀಲದಂಥ ಗ್ರಂಥಿಗಳಿವೆ. ಅದರಲ್ಲಿ ಇರುವುದು ಅಂಟು ಅಂಟಾದ ದ್ರವ.

ಹುಳ ನೂಲನ್ನು ಉಗುಳುತ್ತೆ ಅಂತ ನಾವು ಹೇಳ್ತೀವಿ. ನಿಜವಾಗಿ ಅದು ಎಳೆಯುತ್ತೆ. ಎಳೆಯ ತುದಿಯನ್ನು ಚಂದ್ರಿಕೆಗೆ ಅಂಟಿಸಿ ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತೆ. ಕನ್ನಡದ ಎಂಟು ಅಂಕಿ ಅಲ್ಲ, ಇಂಗ್ಲಿಷಿನ ಎಂಟು ಅಂಕಿ ಬರೆದ ಹಾಗೆ ಆಡಿಸುತ್ತೆ. ತಲೆ ಆಡಿದಂತೆಲ್ಲಾ ದ್ರವ ಸಣ್ಣ ತೂತಿನಿಂದ ಎಳೆದುಕೊಂಡು ಬರುತ್ತೆ. ಹಾಗೆ ಎಳೆಯುವಾಗ ದ್ರವದೊಳಗಿನ ಉದ್ದುದ್ದ ಕಣಗಳು ಸಾಲಾಗಿ ನಿಲ್ಲುತ್ತವೆ. ಸಿಕ್ಕು ಕೂದಲನ್ನು ಬಾಚಿದಾಗ ಎಳೆ ಎಳೆ ನೇರ ಆಗುತ್ತಲ್ಲ, ಹಾಗೆ. ಸಾಲಾದ ಕಣಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ನೀರು ಹೊರಗೆ ಹೋಗುತ್ತೆ. ದ್ರವ ನೂಲಾಗುತ್ತೆ.

ಬಟ್ಟಲಿನ ಹಿಟ್ಟು ಏಟು ಬಿದ್ದಾಗ ಮಾತ್ರ ಗಟ್ಟಿ. ಆಮೇಲೆ ಮತ್ತೆ ನೀರು. ರೇಷ್ಮೆ ಹಾಗಲ್ಲ. ಒಮ್ಮೆ ಎಳೆದು ಗಟ್ಟಿಯಾದರೆ ಮತ್ತೆ ದ್ರವ ಆಗಲ್ಲ. ಅದಕ್ಕೇ ರೇಷ್ಮೆ ಸೀರೆ ಮಳೆಯಲ್ಲಿ ಕರಗಲ್ಲ. ಕಾರ್ಖಾನೆಯಲ್ಲಿ ನೈಲಾನ್ ದಾರ ಮಾಡಲು ಸುಮಾರು 250 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಕಾವು ಬೇಕು. ನಮ್ಮ ಹುಳ ಬೆಂಕಿ ಇಲ್ಲದೆ, ಯಂತ್ರ ಇಲ್ಲದೆ, ಚಂದ್ರಿಕೆಯ ಮೇಲೆ ಕೂತು ನೂಲು ಮಾಡುತ್ತೆ.

ನೂಲಿನ ಮೇಲೆ ಒಂದು ಅಂಟಿನ ಪದರ ಇರುತ್ತೆ. ಗೂಡಿನ ಎಳೆಗಳನ್ನು ಒಂದಕ್ಕೊಂದು ಅಂಟಿಸುವುದು ಇದೇ. ನೂಲು ಬಿಚ್ಚುವವರು ಗೂಡನ್ನು ಬಿಸಿ ನೀರಿಗೆ ಹಾಕುವುದು ಈ ಅಂಟು ಮೆತ್ತಗಾಗಲಿ ಅಂತ. ಹುಳ ಗೂಡು ಕಟ್ಟುವಾಗ ಮನೆಯಲ್ಲಿ ತೇವ ಹೆಚ್ಚಾದರೆ ಈ ಅಂಟು ಸರಿಯಾಗಿ ಒಣಗಲ್ಲ. ಎಳೆಗೆ ಎಳೆ ಅತಿಯಾಗಿ ಅಂಟುತ್ತೆ. ಬಿಚ್ಚುವಾಗ ನೂಲು ಪದೇ ಪದೇ ಕಿತ್ತು ಹೋಗುತ್ತೆ. ಗೂಡಿಗೆ ಬೆಲೆ ಬರಲ್ಲ. ಆದ್ದರಿಂದ ಹುಳ ಚಂದ್ರಿಕೆಯಲ್ಲಿ ಇರುವಾಗ ಗಾಳಿ ಆಡಲು ಬಿಡಿ. ಒದ್ದೆ ಗೋಣಿಚೀಲ ಹತ್ತಿರ ಇಡಬೇಡಿ.

ಕೆರೆಯ ಕೆಸರು

ಈಗ ಮುಖ್ಯವಾದ ಮಾತಿಗೆ ಬರೋಣ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕೆರೆಯೇ ನಮಗೆ ಆಧಾರ. ಎಷ್ಟೋ ಕೆರೆಗಳು ವರ್ಷಾನುಗಟ್ಟಲೆ ಒಣಗಿದ್ದವು. ಅವುಗಳಲ್ಲಿ ಮಕ್ಕಳು ಚೆಂಡಾಟ ಆಡಿದರು. ಆಮೇಲೆ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಶುದ್ಧೀಕರಿಸಿದ ನೀರು ಪೈಪಿನಲ್ಲಿ ಕಂದವಾರ ಕೆರೆಗೂ ಬೇರೆ ಕೆರೆಗಳಿಗೂ ಬಂತು. 2021ರ ನವೆಂಬರ್ ತಿಂಗಳ ದೊಡ್ಡ ಮಳೆಗೆ ಎಷ್ಟೋ ಕೆರೆ ತುಂಬಿ ಕೋಡಿ ಹರಿದವು. ಕೆರೆ ತುಂಬಿದ್ದು ಸಂತೋಷ. ಆದರೆ ಒಣ ಕೆರೆ ನೋಡಿ ಬೆಳೆದ ಮಕ್ಕಳಿಗೆ ತುಂಬಿದ ಕೆರೆಯ ಕೆಸರು ಗೊತ್ತಿಲ್ಲ. ಮಣ್ಣು ತೆಗೆದ ಗುಂಡಿಗಳು ಎಲ್ಲಿವೆ ಅಂತ ನೀರಿನ ಮೇಲೆ ಕಾಣಲ್ಲ.

ನೀರು ಇಳಿದ ಮೇಲೆ ಕೆರೆ ಅಂಗಳದಲ್ಲಿ ಗೋಡು ಮಣ್ಣು ನಿಲ್ಲುತ್ತೆ. ಮೇಲೆ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿರುತ್ತೆ. ನೋಡಲು ಗಟ್ಟಿ ನೆಲ. ಒಳಗೆ ಮೆತ್ತಗಿನ ಕೆಸರು. ಕುರಿ ಅಟ್ಟಿಕೊಂಡು ಹೋದವರು, ಬಟ್ಟೆ ಒಗೆಯಲು ಹೋದವರು, ಮೀನು ಹಿಡಿಯಲು ಇಳಿದ ಮಕ್ಕಳು ಕಾಲಿಟ್ಟರೆ ಸಿಕ್ಕಿಕೊಳ್ಳುತ್ತಾರೆ.

ಇದುವರೆಗೂ ಕಲಿತದ್ದನ್ನು ಈಗ ಸೇರಿಸಿ ನೋಡಿ. ಕೆಸರಿನಲ್ಲಿ ಮರಳಿನ ಕಾಳು ಇದೆ. ಬಹಳ ನುಣುಪಾದ ಜೇಡಿ ಕಣ ಇದೆ. ನೀರು ಇದೆ. ಅಲುಗಿಸದೆ ಇದ್ದಾಗ ಕಣಗಳು ಮೊಸರಿನ ಹಾಗೆ ಬಲೆ ಕಟ್ಟಿ ನಿಂತಿರುತ್ತವೆ. ಕಾಲಿಟ್ಟು ಒದ್ದಾಡಿದರೆ ಬಲೆ ಹರಿದು ನೀರಾಗುತ್ತೆ. ಕಾಲು ಇಳಿಯುತ್ತೆ. ಇಳಿದ ಮೇಲೆ ಮರಳು ಮತ್ತು ಮಣ್ಣು ಕಾಲಿನ ಸುತ್ತ ಒತ್ತಾಗಿ ಕೂರುತ್ತೆ. ಆಗ ಬಿರುಸಾಗಿ ಎಳೆದರೆ ಕಾರ್ನ್‌ಫ್ಲೋರ್ ಹಾಗೆ ಬಿಗಿದು ಹಿಡಿಯುತ್ತೆ. ಕಾಲಿನ ಕೆಳಗೆ ಗಾಳಿಯೂ ಹೋಗಲ್ಲ, ನೀರೂ ಹೋಗಲ್ಲ. ಅದಕ್ಕೇ ಕೆಸರು ಒಳಗೆ ಎಳೆಯುತ್ತೆ ಅಂತ ಅನ್ನಿಸುತ್ತೆ.

ನೀರಿನ ಮೇಲೆ ನಿಂತ ಇಂಥ ಮರಳು ಕೆಸರನ್ನು ನೆದರ್ಲ್ಯಾಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್ ನಗರದ ವಿಜ್ಞಾನಿಗಳು ಪರೀಕ್ಷೆ ಮಾಡಿ 2005ರಲ್ಲಿ ಬರೆದರು. ಅವರು ಕಂಡದ್ದು ಎರಡು ಮಾತು.

ಒಂದು: ಅಂಥ ಕೆಸರು ಮನುಷ್ಯನನ್ನು ಪೂರ್ತಿ ನುಂಗಲ್ಲ. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತೆ. ಒಂದು ಲೀಟರ್ ಮರಳು ಕೆಸರು ಸುಮಾರು ಎರಡು ಕೆ.ಜಿ. ತೂಗುತ್ತೆ. ನಮ್ಮ ಮೈ ನೀರಿನಷ್ಟೇ ತೂಕದ್ದು. ಭಾರದ ಕೆಸರಿನಲ್ಲಿ ಹಗುರದ ಮೈ ತೇಲುತ್ತೆ. ಸೊಂಟದವರೆಗೆ ಇಳಿದು ನಿಲ್ಲುತ್ತೆ.

ಎರಡು: ಸಿಕ್ಕಿಕೊಂಡ ಕಾಲನ್ನು ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗದಲ್ಲಿ ಎಳೆಯಬೇಕಾದರೂ ಒಂದು ಕಾರನ್ನು ಎತ್ತುವಷ್ಟು ಬಲ ಬೇಕು. ಅಂದರೆ ಬಲ ಹಾಕಿ ಎಳೆಯುವುದು ವ್ಯರ್ಥ. ಕಾಲೇ ಮುರಿಯಬಹುದು.

ಹಾಗಂತ ಧೈರ್ಯ ಮಾಡಿ ಕೆಸರಿಗೆ ಇಳಿಯಬೇಡಿ. ಕೆಸರಿನ ಮೇಲೆ ನೀರು ನಿಂತಿದ್ದರೆ ಮಾತೇ ಬೇರೆ. ಕಾಲು ಕೆಸರಲ್ಲಿ, ತಲೆ ನೀರಲ್ಲಿ. ಆಗ ಮುಳುಗಿ ಜೀವ ಹೋಗುತ್ತೆ. ತೆಳು ಕೆಸರು ತುಂಬಿದ ಆಳದ ಗುಂಡಿಯೂ ಅಪಾಯ. ಸಣ್ಣ ಮಕ್ಕಳಿಗೆ ಸೊಂಟದಷ್ಟು ನೀರೂ ಅಪಾಯ.

ಸಿಕ್ಕಿಕೊಂಡರೆ ಏನು ಮಾಡಬೇಕು?

ಗಾಬರಿ ಬಿದ್ದು ಒದ್ದಾಡಬೇಡಿ. ಒದ್ದಾಡಿದಷ್ಟೂ ಇಳಿಯುತ್ತೀರಿ.

ತಲೆಯ ಮೇಲಿನ ಹೊರೆ, ಬುಟ್ಟಿ, ಬಿಂದಿಗೆ ಬಿಸಾಕಿ. ಸಾಮಾನು ಮತ್ತೆ ಬರುತ್ತೆ.

ನೀರು ನಿಂತಿಲ್ಲದ ಜಾಗವಾದರೆ ಮೆಲ್ಲಗೆ ಹಿಂದಕ್ಕೆ ಒರಗಿ. ಚಾಪೆಯ ಮೇಲೆ ಅಂಗಾತ ಮಲಗುವ ಹಾಗೆ. ಕೈ ಅಗಲ ಮಾಡಿ. ಭಾರ ಹರಡಿದರೆ ಇಳಿಯುವುದು ನಿಲ್ಲುತ್ತೆ.

ಒಂದೊಂದೇ ಕಾಲನ್ನು ಸಣ್ಣದಾಗಿ, ನಿಧಾನವಾಗಿ ಅಲುಗಿಸಿ. ಕಾಲಿನ ಸುತ್ತ ನೀರು ಇಳಿಯಲಿ. ನೀರು ಇಳಿದರೆ ಕೆಸರು ಸಡಿಲ ಆಗುತ್ತೆ. ಆಗ ಸ್ವಲ್ಪ ಸ್ವಲ್ಪವೇ ಕಾಲು ಮೇಲೆ ಬರುತ್ತೆ. ಹೊತ್ತು ಹಿಡಿಯಬಹುದು. ಅವಸರ ಬೇಡ.

ಚಪ್ಪಲಿ ಸಿಕ್ಕಿಕೊಂಡರೆ ಬಿಟ್ಟುಬಿಡಿ.

ದಡದಲ್ಲಿ ಇರುವವರು ಏನು ಮಾಡಬೇಕು?

ಕಾಪಾಡುತ್ತೀನಿ ಅಂತ ಓಡಿ ಒಳಗೆ ಇಳಿಯಬೇಡಿ. ಒಬ್ಬರ ಜೊತೆ ಇಬ್ಬರು ಸಿಕ್ಕಿಕೊಳ್ಳುತ್ತಾರೆ. ಮಗುವನ್ನು ಹಿಡಿಯಲು ತಾಯಿ, ತಾಯಿಯನ್ನು ಹಿಡಿಯಲು ಅಕ್ಕ ಇಳಿದರೆ ಒಂದು ಮನೆಯೇ ಮುಳುಗುತ್ತೆ. ನಿಮ್ಮ ಕರುಳು ತಡೆಯಲ್ಲ ಅಂತ ನಮಗೂ ಗೊತ್ತು. ಆದರೂ ಒಂದು ನಿಮಿಷ ನಿಲ್ಲಿ. ಕೂಗಿ ಜನ ಸೇರಿಸಿ. 112ಕ್ಕೆ ಫೋನ್ ಮಾಡಿಸಿ.

ಎರಡು ಸೀರೆ ಗಂಟು ಹಾಕಿ ಎಸೆಯಿರಿ. ಹಗ್ಗ, ಉದ್ದನೆ ಕೋಲು, ಬಿದಿರು ಏನಿದ್ದರೂ ಚಾಚಿ. ನೀವು ದಡದಲ್ಲಿ ಕೂತು ಅಥವಾ ಮಲಗಿ ಹಿಡಿಯಿರಿ. ನಿಂತು ಹಿಡಿದರೆ ನೀವೇ ಜಾರುತ್ತೀರಿ. ಹಲಗೆ, ತೆಂಗಿನ ಗರಿ, ಸೌದೆ ಹೊರೆ, ಬಾಗಿಲು ಏನು ಸಿಕ್ಕರೂ ಕೆಸರಿನ ಮೇಲೆ ಹಾಸಿ. ಅದರ ಮೇಲೆ ಭಾರ ಹರಡುತ್ತೆ. ಸಿಕ್ಕಿಕೊಂಡವರನ್ನು ಜಗ್ಗಿ ಎಳೆಯಬೇಡಿ. ಅವರ ತಲೆ ಮೇಲೆ ಇರುವ ಹಾಗೆ ಬಿಗಿ ಹಿಡಿದಿರಿ. ಕಾಲನ್ನು ಅವರೇ ಮೆಲ್ಲಗೆ ಬಿಡಿಸಿಕೊಳ್ಳಲಿ. ಎಮ್ಮೆ ಸಿಕ್ಕಿಕೊಂಡರೂ ಕತ್ತಿಗೆ ಹಗ್ಗ ಹಾಕಿ ಎಳೆಯಬೇಡಿ. ಕಾಲಿನ ಸುತ್ತ ಮಣ್ಣು ತೆಗೆದು ನೀರು ಬಿಡಿ.

ಕೊನೆಯ ಮಾತು

ಹಿಟ್ಟು, ಮೊಸರು, ಕಣಕ, ಮರಳು, ರೇಷ್ಮೆ, ಕೆಸರು ಎಲ್ಲವೂ ನಮಗೆ ಹೇಳುವುದು ಒಂದೇ. ಒಂದು ವಸ್ತು ಗಟ್ಟಿಯೋ ನೀರೋ ಅನ್ನುವುದು ಆ ವಸ್ತುವಿನ ಮೇಲೆ ಮಾತ್ರ ನಿಂತಿಲ್ಲ. ಅದರಲ್ಲಿ ಎಷ್ಟು ನೀರಿದೆ, ನಾವು ಎಷ್ಟು ಬಲ ಹಾಕ್ತೀವಿ, ಎಷ್ಟು ಬೇಗ ಹಾಕ್ತೀವಿ ಅನ್ನುವುದರ ಮೇಲೂ ನಿಂತಿದೆ.

ನಮ್ಮ ಕೈಗೆ ಇದು ಮೊದಲೇ ಗೊತ್ತಿತ್ತು. ಕಣಕ ತಟ್ಟುವಾಗ, ಮೊಸರು ಕಡೆಯುವಾಗ ಕೈ ತಾನಾಗೇ ಹದ ನೋಡುತ್ತೆ. ಈಗ ಅದರ ಕಾರಣವನ್ನೂ ಓದಿದಿರಿ. ಓದಿದ್ದನ್ನು ಮನೆಯ ಮಕ್ಕಳಿಗೆ ಹೇಳಿ. ಕೆರೆಯ ಮಾತನ್ನು ಇವತ್ತೇ ಹೇಳಿ.

ಯೋಚಿಸಿ, ಮಾತಾಡಿ

1. ನಿಮ್ಮ ಅಡುಗೆ ಮನೆಯಲ್ಲಿ ಒಮ್ಮೆ ಗಟ್ಟಿ, ಒಮ್ಮೆ ನೀರು ಆಗುವ ಇನ್ನೂ ಮೂರು ವಸ್ತು ಯಾವುವು? ಹೆಸರು ಬರೆಯಿರಿ.

2. ಕಾರ್ನ್‌ಫ್ಲೋರ್ ಮತ್ತು ಮೊಸರು, ಎರಡನ್ನೂ ಬೇಗ ಕಲಕಿದರೆ ಏನಾಗುತ್ತೆ? ವ್ಯತ್ಯಾಸ ಹೇಳಿ.

3. ನಿಮ್ಮ ಊರಿನ ಕೆರೆಯಲ್ಲಿ ಮಣ್ಣು ತೆಗೆದ ಗುಂಡಿಗಳು ಎಲ್ಲೆಲ್ಲಿವೆ? ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಗುರುತು ಹಾಕಿ. ಆ ಜಾಗದಲ್ಲಿ ಎಚ್ಚರಿಕೆ ಫಲಕ ಹಾಕಿಸಿ ಅಂತ ಗ್ರಾಮ ಪಂಚಾಯಿತಿಗೆ ಒಂದು 

ಅರ್ಜಿ ಬರೆಯಿರಿ. ಕೆಳಗೆ ಎಲ್ಲರೂ ಸಹಿ ಹಾಕಿ. ಹೆಬ್ಬೆಟ್ಟು ಒತ್ತಬೇಡಿ. ಈಗ ನಿಮಗೆ ಬರೆಯಲು ಬರುತ್ತೆ.